ಮಕ್ಕಳ ಮತ್ತು ಹದಿಹರೆಯದವರ ಸೋರಿಯಾಸಿಸ್

ಸೋರಿಯಾಸಿಸ್ ರೋಗನಿರೋಧಕ ವ್ಯವಸ್ಥೆಯ ಏರುಪೇರಿನಿಂದ ಉಂಟಾಗುವ ದೀರ್ಘಕಾಲಿಕ ಚರ್ಮರೋಗ. ಸುಮಾರು ಮೂರನೆಯ ಒಂದು ಪಾಲು ರೋಗಿಗಳಲ್ಲಿ ಇದು ಬಾಲ್ಯ ಅಥವಾ ಹದಿಹರೆಯದಲ್ಲಿ ಆರಂಭವಾಗುತ್ತದೆ. ಇದು ಅಂಟುರೋಗವಲ್ಲವಾದ್ದರಿಂದ ಮಗುವನ್ನು ಶಾಲೆಯಿಂದಾಗಲಿ, ಆಟದಿಂದಾಗಲಿ ದೂರವಿಡಬೇಕಾಗಿಲ್ಲ. ಆಯುರ್ವೇದವು ಹಲವು ಚರ್ಮರೋಗಗಳನ್ನು ‘ಕುಷ್ಠ’ ಎಂಬ ಒಂದೇ ಹೆಸರಿನಡಿ ವರ್ಗೀಕರಿಸಿದ್ದು, ಇಂದಿನ ಕುಷ್ಠರೋಗದೊಡನೆ ಗೊಂದಲಕ್ಕೆ ಎಡೆಮಾಡುತ್ತದೆ. ಕುಷ್ಠರೋಗದ ಮಚ್ಚೆಗಳಲ್ಲಿ ಸ್ಪರ್ಶಜ್ಞಾನ ಕುಂದುತ್ತದೆ, ಸೋರಿಯಾಸಿಸ್‌ನಲ್ಲಿ ಹಾಗಾಗುವುದಿಲ್ಲ.

ಲಕ್ಷಣಗಳು

ನೆತ್ತಿ, ಮೊಣಕೈ ಮತ್ತು ಮೊಣಕಾಲುಗಳಲ್ಲಿ ಬಿಳಿ ಹೊಟ್ಟಿನಿಂದ ಕೂಡಿದ ದಪ್ಪ ಮಚ್ಚೆಗಳು ಕಾಣಿಸಿಕೊಳ್ಳುತ್ತವೆ. ಮಕ್ಕಳಲ್ಲಿ ಮುಖ ಮತ್ತು ಚರ್ಮದ ಮಡಿಕೆಗಳಲ್ಲಿಯೂ ಇವು ಸಾಮಾನ್ಯ. ಕಪ್ಪು ಚರ್ಮದಲ್ಲಿ ಮಚ್ಚೆಗಳು ಕೆಂಪಾಗಿರದೆ ಕಂದು ಅಥವಾ ನೇರಳೆ ಬಣ್ಣದಲ್ಲಿರಬಹುದು. ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದ ಎರಡು-ಮೂರು ವಾರಗಳಲ್ಲಿ ಮೈತುಂಬ ಹನಿಯಾಕಾರದ ಸಣ್ಣ ಗುಳ್ಳೆಗಳೇಳುವ ಬಗೆಯೂ ಉಂಟು.

ಚಿಕಿತ್ಸೆ

ರೋಗವನ್ನು ಶಾಶ್ವತವಾಗಿ ಅಳಿಸುವ ಔಷಧವಿಲ್ಲ. ಆದರೆ ಅದನ್ನು ಹತೋಟಿಯಲ್ಲಿಡಬಹುದು. ಸೌಮ್ಯ ರೋಗಕ್ಕೆ ತೇವಕಾರಕಗಳು, ವೈದ್ಯರು ಸೂಚಿಸಿದ ಅವಧಿಗೆ ಮಾತ್ರ ಸ್ಟೀರಾಯ್ಡ್ ಮುಲಾಮು ಮತ್ತು ಕ್ಯಾಲ್ಸಿಪೋಟ್ರಿಯಾಲ್ ಬಳಸಲಾಗುತ್ತದೆ. ಮುಖ ಮತ್ತು ಮಡಿಕೆಗಳ ಚರ್ಮ ತೆಳುವಾದುದರಿಂದ ಅಲ್ಲಿಗೆ ಟ್ಯಾಕ್ರೋಲಿಮಸ್ ಸೂಕ್ತ. ಸ್ಯಾಲಿಸಿಲಿಕ್ ಆಮ್ಲ ಚರ್ಮದ ಮೂಲಕ ರಕ್ತಕ್ಕೆ ಸೇರುವುದರಿಂದ ಚಿಕ್ಕ ಮಕ್ಕಳಿಗೆ ಹಚ್ಚಬಾರದು.

ವ್ಯಾಪಕ ರೋಗಕ್ಕೆ 311 ನ್ಯಾನೋಮೀಟರ್ ಸುಮಾರಿನ ನೇರಳಾತೀತ ಬೆಳಕಿನ ಚಿಕಿತ್ಸೆಯಿದೆ. ಇದಕ್ಕೆ ವಾರಕ್ಕೆ ಎರಡು-ಮೂರು ಬಾರಿಯಂತೆ ಹಲವು ವಾರ ಆಸ್ಪತ್ರೆಗೆ ಹೋಗಬೇಕು. ಹುನಗುಂದ ಭಾಗದ ರಾಮಥಾಳದಂತಹ ಗ್ರಾಮದ ಕುಟುಂಬಕ್ಕೆ ಇದರಿಂದ ಶಾಲೆಯೂ ಕೂಲಿಯೂ ತಪ್ಪುತ್ತದೆ. ಆದ್ದರಿಂದ ಚಿಕಿತ್ಸೆಯನ್ನು ಆಯ್ಕೆಮಾಡುವಾಗ ದೂರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಜಿಲ್ಲಾ ಕೇಂದ್ರವಾದ ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದ್ದು, ಅಲ್ಲಿ ಚರ್ಮರೋಗ ವಿಭಾಗವಿದೆ.

ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೆ ಒಮ್ಮೆ ಮಾತ್ರ ನೀಡಲಾಗುತ್ತದೆ. ತಪ್ಪಿ ಪ್ರತಿದಿನ ನುಂಗಿಸಿದರೆ ಪ್ರಾಣಾಪಾಯವಾಗಬಹುದಾದ್ದರಿಂದ ಮಾತ್ರೆಯ ವಾರವನ್ನು ಮನೆಯಲ್ಲಿ ಬರೆದಿಡುವುದು ಒಳ್ಳೆಯದು. ರಕ್ತಪರೀಕ್ಷೆ ಮತ್ತು ಫೋಲಿಕ್ ಆಮ್ಲ ಜೊತೆಗಿರಬೇಕು. ಎಟನರ್ಸೆಪ್ಟ್ ಮೊದಲಾದ ಜೈವಿಕ ಔಷಧಗಳು ತೀವ್ರ ರೋಗದಲ್ಲಿ ಪರಿಣಾಮಕಾರಿ, ಆದರೆ ದುಬಾರಿ. ಅವುಗಳನ್ನು ಆರಂಭಿಸುವ ಮೊದಲು ಕ್ಷಯರೋಗದ ತಪಾಸಣೆ ಅಗತ್ಯ.

ಸ್ಟೀರಾಯ್ಡ್‌ಗಳ ದುರ್ಬಳಕೆ

ಭಾರತದಲ್ಲಿ ಈ ರೋಗದ ನಿರ್ವಹಣೆಯನ್ನು ಹೆಚ್ಚು ಕೆಡಿಸುವುದು ಚೀಟಿಯಿಲ್ಲದೆ ಕೊಂಡ ಮುಲಾಮು ಎನ್ನಬಹುದು. ಮಚ್ಚೆಯನ್ನು ಹುಳುಕಡ್ಡಿಯೆಂದು ಭಾವಿಸಿ ಸ್ಟೀರಾಯ್ಡ್, ಶಿಲೀಂಧ್ರನಾಶಕ ಮತ್ತು ಪ್ರತಿಜೀವಕಗಳನ್ನು ಬೆರೆಸಿದ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚುವುದುಂಟು. ಮೊದಲಿಗೆ ಗುಣ ಕಂಡರೂ ಚರ್ಮ ತೆಳುವಾಗಿ ಗೀರುಗಳು ಮೂಡುತ್ತವೆ. ಮೈತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚಿರುವುದರಿಂದ ಮಕ್ಕಳಲ್ಲಿ ಔಷಧ ಹೆಚ್ಚು ಹೀರಲ್ಪಟ್ಟು ಬೆಳವಣಿಗೆಗೂ ತೊಂದರೆಯಾಗಬಹುದು. ಬಾಯಿಯ ಮೂಲಕ ಅಥವಾ ಚುಚ್ಚುಮದ್ದಾಗಿ ಪಡೆದ ಸ್ಟೀರಾಯ್ಡನ್ನು ಹಠಾತ್ತನೆ ನಿಲ್ಲಿಸಿದಾಗ ಮೈಮೇಲೆ ಕೀವುಗುಳ್ಳೆಗಳೆದ್ದು ಜ್ವರ ಬರುವ ಅಪಾಯಕಾರಿ ರೂಪ ತಲೆದೋರಬಹುದು. ಅಂತಹ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ಇತರ ಆರೈಕೆ

ಕೆರೆತ ಮತ್ತು ಗಾಯವಾದ ಜಾಗದಲ್ಲಿ ಹೊಸ ಮಚ್ಚೆ ಹುಟ್ಟುವುದರಿಂದ ಉಗುರುಗಳನ್ನು ಕತ್ತರಿಸಿಡಬೇಕು. ಕೀಲುನೋವು, ಬೆಳಗಿನ ಬಿಗಿತ ಕಂಡರೆ ಸಂಧಿವಾತಕ್ಕಾಗಿ ಪರೀಕ್ಷಿಸಲಾಗುತ್ತದೆ. ಹದಿಹರೆಯದವರಲ್ಲಿ ಖಿನ್ನತೆಯನ್ನೂ ವೈದ್ಯರು ವಿಚಾರಿಸುತ್ತಾರೆ.