ಪ್ರಶ್ನೆಪತ್ರಿಕೆ ಬರೆದ ಕೈಗಳು, ಯಂತ್ರಗಳು

ಶಿವಾಜಿನಗರದ ಉರ್ದು ಶಾಲೆಯೊಂದರಲ್ಲಿ ನಾನು ಓದುತ್ತಿದ್ದಾಗ ಪರೀಕ್ಷೆ ಹತ್ತಿರ ಬಂತೆಂದು ಗೊತ್ತಾಗುತ್ತಿದ್ದುದು ವಾಸನೆಯಿಂದ. ಸಿಬ್ಬಂದಿ ಕೋಣೆಯ ಮೂಲೆಯಲ್ಲಿ ಸೈಕ್ಲೋಸ್ಟೈಲ್ ಯಂತ್ರ ತಿರುಗುತ್ತಿತ್ತು, ಅದರ ಎಣ್ಣೆಶಾಯಿಯ ವಾಸನೆ ಮೊಗಸಾಲೆಗೆಲ್ಲ ಹರಡುತ್ತಿತ್ತು. ಅದಕ್ಕೂ ಮುಂಚೆ ನಮ್ಮ ಉಸ್ತಾದರು ಎರಡು ಮೂರು ಸಂಜೆ ಒಬ್ಬರೇ ಕುಳಿತು, ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಲೋಹದ ಕಡ್ಡಿಯಿಂದ ಪ್ರಶ್ನೆಗಳನ್ನು ಗೀಚುತ್ತಿದ್ದರು. ಅವರು ಹುಡುಗರಾಗಿದ್ದಾಗ ಸ್ವಲ್ಪ ಕಾಲ ಕಿತಾಬತ್ ಕಲಿತವರು. ಹಾಗಾಗಿ ಗಣಿತದ ಪ್ರಶ್ನೆಪತ್ರಿಕೆ ಕೂಡ ಮದುವೆಯ ಆಮಂತ್ರಣದಂತೆ ಚೆಂದವಾಗಿರುತ್ತಿತ್ತು. ಆಮೇಲೆ ಹಲಸೂರು ಕಡೆಯ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಸೇರಿದೆ. ಅಲ್ಲಿಯೂ ಅದೇ ಸ್ಟೆನ್ಸಿಲ್, ಅದೇ ವಾಸನೆ. ಅಕ್ಷರ ಮಾತ್ರ ದುಂಡಗೆ.

ಎರಡು ಬೀದಿ ಆಚೆಗಿದ್ದ ಇಂಗ್ಲಿಷ್ ಶಾಲೆಯ ಹುಡುಗರ ಪ್ರಶ್ನೆಪತ್ರಿಕೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದ್ದೆ. ಟೈಪ್ ಮಾಡಿದ್ದು. ಸಾಲುಗಳೆಲ್ಲ ನೇರ. ಅದು ನಿಜವಾದ ಪರೀಕ್ಷೆ, ನಮ್ಮದು ಏನೋ ಮನೆಯೊಳಗಿನ ಆಟ ಎಂದು ಅನ್ನಿಸಿತು. ಉಸ್ತಾದರ ಕೈಬರಹ ಎಂಥದ್ದೆಂದು ತಿಳಿಯುವ ವಯಸ್ಸು ಅದಾಗಿರಲಿಲ್ಲ.

ಶಾಲೆಗೆ ಕಂಪ್ಯೂಟರ್ ಬಂದ ಚರಿತ್ರೆಯನ್ನು ಸಾಮಾನ್ಯವಾಗಿ ಎಷ್ಟು ಲ್ಯಾಬ್, ಎಷ್ಟು ಯಂತ್ರ, ಯಾವ ಯೋಜನೆ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ನನಗೆ ಅದನ್ನು ಪ್ರಶ್ನೆಪತ್ರಿಕೆಯ ಕಡೆಯಿಂದ ನೋಡುವ ಆಸೆ. ಮೇಷ್ಟ್ರು ತನ್ನ ಮಕ್ಕಳು ಓದುವ ಲಿಪಿಯಲ್ಲಿ ಒಂದು ಹಾಳೆ ಪಾಠವನ್ನು ಆ ಯಂತ್ರದಲ್ಲಿ ಬರೆಯಲು ಯಾವಾಗ ಸಾಧ್ಯವಾಯಿತು? ದಂಡು ಪ್ರದೇಶದಲ್ಲಿ ಈ ಪ್ರಶ್ನೆಗೆ ಒಂದೊಂದು ಬೀದಿಗೆ ಒಂದೊಂದು ಉತ್ತರವಿದೆ.

ದಂಡು ಎಂದರೆ 1809ರಲ್ಲಿ ಬ್ರಿಟಿಷರು ಕಟ್ಟಿದ ಸೇನಾ ನೆಲೆ. ಸೈನ್ಯದ ಜೊತೆಗೆ ತಮಿಳು ಬಂತು, ದಖನಿ ಉರ್ದು ಬಂತು, ಎಲ್ಲರ ತಲೆಯ ಮೇಲೆ ಇಂಗ್ಲಿಷ್ ಕೂತಿತು. ಹಲಸೂರು ಕೆರೆಯ ಸುತ್ತಮುತ್ತ ಆರ್‌ಬಿಎಎನ್‌ಎಂ ಹೆಸರಿನಲ್ಲಿ ಬೆಳೆದ ವಿದ್ಯಾಸಂಸ್ಥೆಗಳ ಮೂಲ, 1873ರಲ್ಲಿ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ಆರಂಭಿಸಿದ ಧರ್ಮಶಾಲೆ. ಮಸೀದಿಗಳ ಪಕ್ಕದಲ್ಲಿ ಉರ್ದು ಶಾಲೆಗಳು ಹುಟ್ಟಿದವು. 1947ರಲ್ಲಿ ದಂಡು ಮೈಸೂರಿನ ಆಡಳಿತಕ್ಕೆ ಮರಳಿತು, 1949ರಲ್ಲಿ ಎರಡೂ ನಗರಸಭೆಗಳು ಒಂದಾದವು. ಕನ್ನಡ ಇಲ್ಲಿನ ಶಾಲೆಗಳಲ್ಲಿ ನಿಜವಾಗಿ ನೆಲೆಯೂರಿದ್ದು ಅದರ ನಂತರವೇ. ಒಂದು ಮೈಲಿಯೊಳಗೆ ನಾಲ್ಕು ಲಿಪಿಗಳ ಕರಿಹಲಗೆಗಳು. ಅವುಗಳಲ್ಲಿ ಒಂದೇ ಒಂದು ಲಿಪಿ ಯಂತ್ರಕ್ಕೆ ಮೊದಲ ದಿನದಿಂದಲೇ ಗೊತ್ತಿತ್ತು.

ನಾವು ಈಗ ಆಫೀಸ್ ತಂತ್ರಾಂಶ ಎನ್ನುವ ಮೂರು ಸಾಮಗ್ರಿಗಳಲ್ಲಿ ಒಂದು ಹೊಳೆದದ್ದು ತರಗತಿಯಲ್ಲೇ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಅಮೆರಿಕದ ಹಾರ್ವರ್ಡ್‌ನಲ್ಲಿ ವಾಣಿಜ್ಯ ಓದುತ್ತಿದ್ದ ಡಾನ್ ಬ್ರಿಕ್ಲಿನ್, ಪ್ರಾಧ್ಯಾಪಕರು ಕರಿಹಲಗೆಯ ಮೇಲೆ ಲೆಕ್ಕದ ಕೋಷ್ಟಕ ಬರೆಯುವುದನ್ನು ನೋಡುತ್ತಿದ್ದರು. ಒಂದು ಅಂಕಿ ತಪ್ಪಿದರೆ ಅದಕ್ಕೆ ಹೊಂದಿಕೊಂಡ ಎಲ್ಲ ಅಂಕಿಗಳನ್ನೂ ಅಳಿಸಿ ಮತ್ತೆ ಬರೆಯಬೇಕು. ಹಲಗೆಯೇ ತಾನಾಗಿ ಲೆಕ್ಕ ತಿದ್ದಿಕೊಂಡರೆ ಹೇಗೆ ಎಂಬ ಯೋಚನೆಯಿಂದ 1979ರಲ್ಲಿ ವಿಸಿಕ್ಯಾಲ್ಕ್ ಬಂತು. ಇಂದಿನ ಎಕ್ಸೆಲ್‌ನ ಅಜ್ಜ ಅದು. ಬರವಣಿಗೆಗೆ ವರ್ಡ್‌ಸ್ಟಾರ್ 1978ರಲ್ಲೇ ಬಂದಿತ್ತು. ಪವರ್‌ಪಾಯಿಂಟ್ 1987ರಲ್ಲಿ ಮೊದಲು ಮ್ಯಾಕಿಂಟಾಷ್ ಯಂತ್ರಕ್ಕೆ ಬಂತು, ಅದೇ ವರ್ಷ ಮೈಕ್ರೋಸಾಫ್ಟ್ ಅದನ್ನು ಕೊಂಡಿತು.

ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರ್ ತರುವ ಮೊದಲ ದೊಡ್ಡ ಪ್ರಯತ್ನವಾದ ‘ಕ್ಲಾಸ್’ ಯೋಜನೆ 1984ರಲ್ಲಿ ಶುರುವಾಯಿತು. ತಂದದ್ದು ಇಂಗ್ಲೆಂಡಿನ ಬಿಬಿಸಿ ಮೈಕ್ರೋ ಯಂತ್ರಗಳನ್ನು. ಮರುವರ್ಷ, 1985ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ದಂಡಿನ ಮಿಲ್ಲರ್ಸ್ ರಸ್ತೆಯಲ್ಲಿ ಕಚೇರಿ ತೆರೆಯಿತು. ರಸೆಲ್ ಮಾರ್ಕೆಟ್‌ನಿಂದ ನಡೆದೇ ಹೋಗಬಹುದಾದ ದೂರ. ಅಲ್ಲಿಂದ ಉಪಗ್ರಹದ ಮೂಲಕ ಅಮೆರಿಕಕ್ಕೆ ಕೆಲಸ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಉಸ್ತಾದರು ಮೇಣದ ಹಾಳೆಯ ಮೇಲೆ ಗೀಚುತ್ತಿದ್ದರು. ಇದನ್ನು ಹೇಳಿ ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ಅಂತರ ಎಷ್ಟಿತ್ತೆಂದು ನೆನಪಿರಲಿ ಎಂದಷ್ಟೆ.

ಭಾರತೀಯ ಭಾಷೆಗಳನ್ನು ಯಂತ್ರಕ್ಕೆ ಕಲಿಸುವ ಕೆಲಸ ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ, ಪುಣೆಯ ಸಿ-ಡ್ಯಾಕ್‌ನಲ್ಲಿ ‘ಜಿಸ್ಟ್’ ಎಂಬ ಹೆಸರಿನಿಂದ ಬೆಳೆಯಿತು. 1991ರಲ್ಲಿ ‘ಇಸ್ಕಿ’ ಎಂಬ ಸಂಕೇತ ವ್ಯವಸ್ಥೆಯನ್ನು ದೇಶದ ಶಿಷ್ಟತೆಯಾಗಿ ಒಪ್ಪಿಕೊಳ್ಳಲಾಯಿತು. ಬ್ರಾಹ್ಮಿಯಿಂದ ಬಂದ ಲಿಪಿಗಳೆಲ್ಲ, ಕನ್ನಡವೂ ಸೇರಿ, ಅದರೊಳಗಿದ್ದವು. ಉರ್ದು ಇರಲಿಲ್ಲ. ಬಲದಿಂದ ಎಡಕ್ಕೆ ಓಡುವ, ಪಕ್ಕದ ಅಕ್ಷರ ನೋಡಿ ತನ್ನ ಆಕಾರ ಬದಲಿಸುವ ಲಿಪಿ ಆ ಚೌಕಟ್ಟಿಗೆ ಹೊಂದುತ್ತಿರಲಿಲ್ಲ. ಅದಕ್ಕೆ ಬೇರೆಯೇ ವ್ಯವಸ್ಥೆ ಬೇಕಾಯಿತು.

ಅದರಲ್ಲೂ ನಮ್ಮ ಜನರಿಗೆ ಬೇಕಿದ್ದುದು ನಸ್ತಲೀಖ್. ಅರಬ್ಬಿಯ ನಸ್ಖ್ ಶೈಲಿಯಲ್ಲಿ ಅಕ್ಷರಗಳು ನೆಟ್ಟಗೆ ಒಂದು ಗೆರೆಯ ಮೇಲೆ ಕೂರುತ್ತವೆ, ಯಂತ್ರಕ್ಕೆ ಸುಲಭ. ನಸ್ತಲೀಖ್‌ನಲ್ಲಿ ಪ್ರತಿ ಪದ ಮೇಲಿನಿಂದ ಕೆಳಕ್ಕೆ ಓರೆಯಾಗಿ ಜಾರುತ್ತದೆ. ಉರ್ದು ಓದುಗನ ಕಣ್ಣು ಅದಕ್ಕೇ ಒಗ್ಗಿದೆ. ನಸ್ಖ್‌ನಲ್ಲಿ ಅಚ್ಚಾದ ಉರ್ದು ಅವನಿಗೆ ಬೇರೆಯವರ ಅಂಗಿ ತೊಟ್ಟಂತೆ ಕಾಣುತ್ತದೆ. ಆದ್ದರಿಂದಲೇ ಉರ್ದು ಪತ್ರಿಕೆಗಳು ಅಚ್ಚುಮೊಳೆಗಳ ಯುಗವನ್ನೇ ಬಹುಪಾಲು ದಾಟಿ ಹೋದವು. ಕಾತಿಬರು ಕೈಯಲ್ಲಿ ಬರೆದರು, ಅದನ್ನೇ ಅಚ್ಚು ಹಾಕಿದರು. ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲ್ ಎಂಬ ಕಲಾವಿದರು ಸುಮಾರು 20,000 ಅಕ್ಷರಗುಚ್ಛಗಳನ್ನು ಬರೆದುಕೊಟ್ಟ ಮೇಲೆ 1981ರಲ್ಲಿ ನೂರಿ ನಸ್ತಲೀಖ್ ಯಂತ್ರಕ್ಕೆ ಬಂತು. 1994ರಲ್ಲಿ ದೆಹಲಿಯ ಕಂಪನಿಯೊಂದು ಇನ್‌ಪೇಜ್ ತಂತ್ರಾಂಶವನ್ನು ತಂದಾಗ ಮಾಮೂಲಿ ಪಿ.ಸಿ.ಯಲ್ಲಿ ಅದು ಸಾಧ್ಯವಾಯಿತು.

ಕಾತಿಬರ ಗತಿ ಏನಾಯಿತೆಂದು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಬೀದಿಯ ಹಿರಿಯರೊಬ್ಬರು ಇಡೀ ಆಯುಷ್ಯ ಬಿದಿರಿನ ಕಲಮು ಹಿಡಿದವರು, ಕೊನೆಯಲ್ಲಿ ಅಂಗಡಿಗಳ ಫಲಕ ಬರೆದು ದಿನ ದೂಡಿದರು. ಅವರ ಮಗ ಇನ್‌ಪೇಜ್ ಕಲಿತು ಡಿಟಿಪಿ ಅಂಗಡಿ ಹಾಕಿದ. ಅಪ್ಪ ಮಗನ ಅಂಗಡಿಗೆ ಹೋಗಿ ಕೂರುತ್ತಿದ್ದರು, ಪರದೆಯ ಕಡೆ ಮಾತ್ರ ನೋಡುತ್ತಿರಲಿಲ್ಲ. ಉರ್ದು ಶಾಲೆಗಳ ಪ್ರಶ್ನೆಪತ್ರಿಕೆಗಳು ಈಗ ಸಿಬ್ಬಂದಿ ಕೋಣೆಯಿಂದ ಎದ್ದು ಇಂಥ ಅಂಗಡಿಗಳಿಗೆ ಬಂದವು. ಪುಟಕ್ಕೆ ಇಷ್ಟು ಎಂದು ಹಣ. ಮೇಷ್ಟ್ರು ಸ್ಟೂಲಿನ ಮೇಲೆ ಕೂತು ತಪ್ಪು ತೋರಿಸುವುದು, ಹುಡುಗ ತಿದ್ದುವುದು. ವಾಕ್ಯ ಬಲದಿಂದ ಎಡಕ್ಕೆ, ಸಮೀಕರಣ ಎಡದಿಂದ ಬಲಕ್ಕೆ. ಗಣಿತದ ಒಂದು ಪತ್ರಿಕೆಗೆ ಮಗರಿಬ್‌ನಿಂದ ಇಶಾ ತನಕ ಹಿಡಿಯುತ್ತಿತ್ತು. ಅಷ್ಟು ಕಷ್ಟಪಟ್ಟು ಮಾಡಿದ ಕಡತ ವರ್ಡ್‌ನಲ್ಲಿ ತೆರೆಯುತ್ತಿರಲಿಲ್ಲ. ಪವರ್‌ಪಾಯಿಂಟ್‌ನ ಒಂದು ಪುಟಕ್ಕೆ ಉರ್ದು ಸಾಲು ಹಾಕಬೇಕಾದರೆ ಅದನ್ನು ಚಿತ್ರವಾಗಿಸಿ ಅಂಟಿಸಬೇಕಿತ್ತು. ಚಿತ್ರದಲ್ಲಿ ಒಂದು ನುಖ್ತಾ ತಪ್ಪಿದ್ದರೆ ಮತ್ತೆ ಅಂಗಡಿಗೆ.

ಕನ್ನಡದ ಮೇಷ್ಟ್ರ ಪಾಡು ಸ್ವಲ್ಪ ವಾಸಿ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು. ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಮನೆಮಾತಾಯಿತು. ಮೇಷ್ಟ್ರು ತಾವೇ ವರ್ಡ್ ತೆರೆದು ಕನ್ನಡ ಕುಟ್ಟಬಹುದಾಯಿತು. ಇದು ಸಣ್ಣ ಮಾತಲ್ಲ. ಆದರೆ ಆಗಿನ ಈ ಅಕ್ಷರಗಳ ಒಳಗುಟ್ಟು ಬೇರೆ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ಬಾಡಿಗೆಗೆ ಕೂರಿಸಿದಂತೆ ಅದರ ಏರ್ಪಾಡು. ಯಂತ್ರದ ಪಾಲಿಗೆ ಅದು ಇಂಗ್ಲಿಷೇ. ಹೀಗಾಗಿ ವರ್ಡ್ ಪ್ರತಿ ಕನ್ನಡ ಪದದ ಕೆಳಗೂ ತಪ್ಪು ಎಂದು ಕೆಂಪು ಗೆರೆ ಎಳೆಯುತ್ತಿತ್ತು. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡಕ್ಷರ ಮಾಡಲು ಹೋಗಿ ಬೇರೆ ಅಕ್ಷರವನ್ನೇ ತಂದು ಕೂರಿಸುತ್ತಿತ್ತು. ಎಕ್ಸೆಲ್‌ನಲ್ಲಿ ಮಕ್ಕಳ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಅ ಎಲ್ಲೋ ಕ ಎಲ್ಲೋ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ರೋಮನ್ ಅಕ್ಷರಗಳ ಕಸದರಾಶಿ. ಕೆ.ಆರ್. ಪುರದ ಶಾಲೆಯಲ್ಲಿ ಕುಟ್ಟಿದ್ದು ಇಂದಿರಾನಗರದ ಶಾಲೆಯಲ್ಲಿ ತೆರೆಯುತ್ತದೆಂಬ ಭರವಸೆ ಇರಲಿಲ್ಲ.

ಇಂಥ ಹೊತ್ತಿನಲ್ಲಿ, 2001ರ ಸುಮಾರಿಗೆ, ರಾಜ್ಯ ಸರ್ಕಾರದ ‘ಮಾಹಿತಿ ಸಿಂಧು’ ಯೋಜನೆ ಬಂತು. 1000 ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್. ಕಲಿಸುವ ಹೊಣೆ ಖಾಸಗಿ ತರಬೇತಿ ಕಂಪನಿಗಳಿಗೆ. ಬಡವರ ಮಕ್ಕಳೂ ಕೀಲಿಮಣೆ ಮುಟ್ಟಲಿ ಎಂಬ ಆಶಯ ದೊಡ್ಡದು, ಅದನ್ನು ಹಗುರವಾಗಿ ಮಾತಾಡಲಾರೆ. ನನ್ನ ತಕರಾರು ಅದರ ಕಟ್ಟಣೆಯ ಬಗ್ಗೆ. ಕಂಪ್ಯೂಟರ್ ಕಲಿಸುವವರು ಕಂಪನಿಯ ಬೋಧಕರು. ಇತಿಹಾಸದ ಮೇಷ್ಟ್ರು, ವಿಜ್ಞಾನದ ಟೀಚರ್ ಹೊರಗೇ ಉಳಿದರು. ವರ್ಡ್, ಎಕ್ಸೆಲ್ ಒಂದು ಬೇರೆ ವಿಷಯವಾದವು, ಉಳಿದ ವಿಷಯಗಳನ್ನು ಕಲಿಸುವ ಸಲಕರಣೆಯಾಗಲಿಲ್ಲ. ಮಕ್ಕಳು ಫೈಲ್, ಎಡಿಟ್, ವ್ಯೂ ಎಂದು ಮೆನುವಿನ ಹೆಸರುಗಳನ್ನು ಮಗ್ಗಿಯಂತೆ ಒಪ್ಪಿಸಿದರು. ಗುತ್ತಿಗೆ ಮುಗಿದು ಬೋಧಕರು ಹೋದ ಮೇಲೆ ಯಂತ್ರಗಳು ಶಾಲೆಗೆ ಉಳಿದವು, ಅವುಗಳಿಂದ ಏನು ಮಾಡಬೇಕೆಂಬ ಅರಿವು ಉಳಿಯಲಿಲ್ಲ. ಬೀಗ ಹಾಕಿದ ಲ್ಯಾಬು, ಬಟ್ಟೆ ಹೊದಿಸಿದ ಯಂತ್ರಗಳು: ಯಾವ ಬಡಾವಣೆಯ ಮೇಷ್ಟ್ರನ್ನು ಕೇಳಿದರೂ ಇದೇ ಚಿತ್ರ.

ಶಾಲೆಯ ಹೊರಗೆ ಇನ್ನೊಂದು ಶಾಲೆ ನಡೆಯುತ್ತಿತ್ತು. ಟೈಪಿಂಗ್ ಇನ್‌ಸ್ಟಿಟ್ಯೂಟುಗಳು ಹೆಸರು ಬದಲಿಸಿಕೊಂಡು ‘ಎಂಎಸ್ ಆಫೀಸ್, ಟ್ಯಾಲಿ’ ಎಂದು ಫಲಕ ಹಾಕಿದವು. ರಾಷ್ಟ್ರೀಯ ಉರ್ದು ಭಾಷಾ ಅಭಿವೃದ್ಧಿ ಪರಿಷತ್ತು ದೇಶದ ಹಲವೆಡೆ ನಡೆಸಿದ ಒಂದು ವರ್ಷದ ಕಂಪ್ಯೂಟರ್ ಡಿಪ್ಲೊಮಾ, ಆಫೀಸ್ ತಂತ್ರಾಂಶ ಮತ್ತು ಬಹುಭಾಷಾ ಡಿಟಿಪಿಯನ್ನು ಕಡಿಮೆ ಶುಲ್ಕದಲ್ಲಿ ಕಲಿಸಿತು. ಬುರ್ಖಾ ತೊಟ್ಟ ಹುಡುಗಿಯರು ಬೆಳಗಿನ ಬ್ಯಾಚಿಗೆ ಹೋಗಿ ಎಕ್ಸೆಲ್ ಕಲಿತು ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಲ್ಲಿ ಲೆಕ್ಕ ಬರೆಯತೊಡಗಿದರು. ಮನೆಯವರು ಇದನ್ನು ನೋಡಿ ಒಂದು ತೀರ್ಮಾನಕ್ಕೆ ಬಂದರು. ಕಂಪ್ಯೂಟರ್ ಅಂದರೆ ಇಂಗ್ಲಿಷ್. ಹಾಗಾದರೆ ಕಿರಿಯ ಮಗುವನ್ನು ಇಂಗ್ಲಿಷ್ ಶಾಲೆಗೇ ಹಾಕೋಣ. ಉರ್ದು ಮತ್ತು ಕನ್ನಡ ಶಾಲೆಗಳು ಬರಿದಾದದ್ದಕ್ಕೆ ಕಾರಣಗಳು ಹಲವು. ಆದರೆ ಯಂತ್ರಕ್ಕೆ ನಮ್ಮ ಅಕ್ಷರ ಬರುವುದಿಲ್ಲ ಎಂಬ ನಂಬಿಕೆಯೂ ಅದರಲ್ಲಿ ಒಂದು ಎಂದೇ ನನ್ನ ಗ್ರಹಿಕೆ. ತಂದೆತಾಯಿಯರ ತೀರ್ಮಾನವನ್ನು ತಪ್ಪೆನ್ನಲು ನನಗೆ ಬಾಯಿಲ್ಲ. ನಾನೂ ಹಾಗೇ ಮಾಡಿದೆ.

ವಿಪರ್ಯಾಸವೆಂದರೆ ಆ ನಂಬಿಕೆ ಅಷ್ಟರಲ್ಲೇ ಹಳತಾಗುತ್ತಿತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ಸ್ವಂತ ಮನೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇತ್ತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟ್ ಸಮೇತ ಕನ್ನಡವನ್ನು ಕನ್ನಡವಾಗಿಯೇ ಗುರುತಿಸಿತು. ನಮ್ಮ ಕಚೇರಿಗಳೂ ಶಾಲೆಗಳೂ ಹಳೆಯ ಬಾಡಿಗೆ ಮನೆ ಬಿಟ್ಟು ಬರಲು ಇನ್ನೂ ಹತ್ತು ವರ್ಷ ತೆಗೆದುಕೊಂಡವು. ಸರ್ಕಾರ ಯೂನಿಕೋಡ್ ಅನ್ನು ಶಿಷ್ಟತೆಯಾಗಿ ಒಪ್ಪಿದ್ದು 2012ರಲ್ಲಿ. ಅದೇ ವರ್ಷದ ವಿಂಡೋಸ್ 8ರ ಜೊತೆ ನಸ್ತಲೀಖ್ ಮಾದರಿಯ ಉರ್ದು ಫಾಂಟ್ ಬಂತು. ಅಂದರೆ ಉರ್ದು ಮೇಷ್ಟ್ರು ಯಂತ್ರದ ಜೊತೆಗೇ ಬಂದ ಅಕ್ಷರದಿಂದ ವರ್ಡ್‌ನಲ್ಲಿ ತಮ್ಮ ಕಣ್ಣಿಗೆ ಒಗ್ಗಿದ ಉರ್ದು ಬರೆಯುವಂತಾದದ್ದು ವರ್ಡ್‌ಸ್ಟಾರ್ ಬಂದು 34 ವರ್ಷಗಳ ಮೇಲೆ.

ಅದೇ ದಶಕದಲ್ಲಿ ತರಬೇತಿಯ ದಿಕ್ಕೂ ಬದಲಾಯಿತು. ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರಿಗಾಗಿ ವಿಷಯವಾರು ಶಿಕ್ಷಕರ ವೇದಿಕೆ ಕಟ್ಟಿ, ಉಚಿತ ತಂತ್ರಾಂಶಗಳಾದ ಉಬುಂಟು, ಲಿಬ್ರೆ ಆಫೀಸ್, ಜಿಯೋಜಿಬ್ರಾಗಳನ್ನು ಕಲಿಸಲಾಯಿತು. ಈ ಬಾರಿ ಕಲಿತವರು ಮೇಷ್ಟ್ರುಗಳೇ, ಬರೆದದ್ದು ತಮ್ಮದೇ ಪಾಠ. ದುಡ್ಡು ಕೊಡದ ತಂತ್ರಾಂಶ ಎಂಬುದಕ್ಕಿಂತ ಇದು ನನಗೆ ಮುಖ್ಯವಾಗಿ ಕಾಣುತ್ತದೆ.

ಎಲ್ಲವೂ ಸರಿಹೋಯಿತೆಂದಲ್ಲ. ಪಠ್ಯಪುಸ್ತಕದ ಸಾಲುಗಳನ್ನೇ ಪವರ್‌ಪಾಯಿಂಟ್‌ಗೆ ಇಳಿಸಿ, ಪರದೆ ನೋಡಿ ಓದಿ, ಗಂಟೆ ಹೊಡೆದೊಡನೆ ಹೊರಡುವ ಪಾಠಗಳನ್ನು ಸಾಕಷ್ಟು ನೋಡಿದ್ದೇನೆ. ಕರಿಹಲಗೆಯ ಮೇಲೆ ಬರೆಯುವಾಗ ಮೇಷ್ಟ್ರ ಕೈ ನಿಧಾನ; ಆ ನಿಧಾನದಲ್ಲಿ ಮಗುವಿಗೆ ಯೋಚಿಸಲು ಸಮಯ ಸಿಗುತ್ತಿತ್ತು. ಸ್ಲೈಡ್ ಪಟ್ಟನೆ ಬರುತ್ತದೆ, ಪಟ್ಟನೆ ಹೋಗುತ್ತದೆ.

ಅದಕ್ಕೆ ತದ್ವಿರುದ್ಧವಾದದ್ದನ್ನೂ ಕಂಡೆ. ಕೆ.ಆರ್. ಪುರದ ಕಡೆಯ ಸರ್ಕಾರಿ ಶಾಲೆಯೊಂದಕ್ಕೆ ಮಕ್ಕಳಿಗೆ ಕಥೆ ಹೇಳಲು ಕರೆದಿದ್ದರು. ನನ್ನ ಸರದಿಗೆ ಮುಂಚೆ ಗಣಿತದ ಟೀಚರ್ ಸರಾಸರಿ ಕಲಿಸುತ್ತಿದ್ದರು. ಹಾಳೆಯಲ್ಲಿ ಮಕ್ಕಳ ಹೆಸರು ಕನ್ನಡದಲ್ಲಿ, ಪಕ್ಕದಲ್ಲಿ ಎಲ್ಲರ ಎತ್ತರ. ಕೆಳಗೆ ಸರಾಸರಿ. ಹಿಂದಿನ ಬೆಂಚಿನ ಉದ್ದನೆಯ ಹುಡುಗನ ಎತ್ತರ ಅಳಿಸಿದರೆ ಏನಾದೀತು ಎಂದು ಕೇಳಿದರು. ಮಕ್ಕಳು ಒಂದೊಂದು ಊಹೆ ಕೂಗಿದರು. ಆಮೇಲೆ ಅಳಿಸಿದರು, ಕೆಳಗಿನ ಅಂಕಿ ತಾನಾಗಿ ಇಳಿಯಿತು, ಆ ಹುಡುಗ ಎದ್ದು ನಿಂತು ಕೈಮುಗಿದ. ಬ್ರಿಕ್ಲಿನ್ ಕಂಡ ಕರಿಹಲಗೆ ಕೊನೆಗೂ ತರಗತಿಗೆ ವಾಪಸಾಗಿತ್ತು.

ಆಮೇಲೆ ಟೀಚರ್ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದರು. ಅನಿತಾ ಮೇಲೆ ಬಂದಳು, ಇಮ್ರಾನ್ ಅವಳ ಕೆಳಗೆ. ಒಂದು ಹೆಸರಿನ ಕೆಳಗೆ ಎರಡು ಚುಕ್ಕೆ ಕಂಡು ಬಗ್ಗಿ ನೋಡಿದೆ: ಫ಼ಾತಿಮಾ. ಫ಼ ಮತ್ತು ಜ಼ ಬರೆಯಲು ಬೇಕಾದ ಈ ನುಖ್ತಾ ಚಿಹ್ನೆಗೆ ಯೂನಿಕೋಡ್‌ನ ಕನ್ನಡ ವಿಭಾಗದಲ್ಲಿ ಜಾಗ ಸಿಕ್ಕಿದ್ದು 2003ರಲ್ಲಿ. ಚುಕ್ಕೆ ಹಾಕಿದವರು ಯಾರೆಂದು ಕೇಳಿದೆ. “ಅವಳೇ ಹಾಕಿದ್ದು ಸರ್, ಇಲ್ಲದಿದ್ದರೆ ನನ್ನ ಹೆಸರಲ್ಲ ಅಂತಾಳೆ” ಎಂದು ಟೀಚರ್ ನಕ್ಕರು.