ನಲವತ್ತು ಅಂಕ, ಬರಿಗೈ

2018ರ ಮಾರ್ಚ್ 17ರ ಸಂಜೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಫೈನಲ್. ಒಂಬತ್ತನೇ ನಿಮಿಷದಲ್ಲಿ ಬಲಬದಿಯಿಂದ ಉದಾಂತ ಸಿಂಗ್ ಕೊಟ್ಟ ಚೆಂಡಿಗೆ ಸುನಿಲ್ ಚೆಟ್ರಿ ನೆಲಕ್ಕೆ ಸಮನಾಗಿ ಹಾರಿ ತಲೆ ಕೊಟ್ಟರು. ಬಲೆ ಅಲುಗಿತು, ಗ್ಯಾಲರಿ ಎದ್ದು ನಿಂತಿತು. ಊರಿನ ತಂಡ, ಊರಿನ ಮೈದಾನ. ಕಪ್ ಇನ್ನೆಲ್ಲಿಗೆ ಹೋದೀತು ಎಂಬ ಧೈರ್ಯ ಎಲ್ಲರಲ್ಲೂ ಇತ್ತು. ಆದರೆ ಚೆನ್ನೈಯಿನ್ ತಂಡದ ಬ್ರೆಜಿಲ್ ಆಟಗಾರ ಮೈಲ್ಸನ್ ಆಲ್ವೆಸ್ ವಿರಾಮಕ್ಕೆ ಮುನ್ನವೇ ಎರಡು ಕಾರ್ನರ್‌ಗಳಿಗೆ ಎರಡು ಸಲ ತಲೆಯೊಡ್ಡಿ ಎರಡು ಗೋಲು ಹೊಡೆದರು. 67ನೇ ನಿಮಿಷದಲ್ಲಿ ರಫಾಯೆಲ್ ಅಗಸ್ಟೊ ಮೂರನೆಯದನ್ನು ಸೇರಿಸಿದರು. 90 ನಿಮಿಷ ಮುಗಿದ ಮೇಲಿನ ಹೆಚ್ಚುವರಿ ನಿಮಿಷಗಳಲ್ಲಿ ಮಿಕು ಹೊಡೆದ ಗೋಲು ಅಂತರವನ್ನು ಇಳಿಸಿತು, ಫಲಿತಾಂಶವನ್ನು ಬದಲಿಸಲಿಲ್ಲ. ಬೆಂಗಳೂರು 2, ಚೆನ್ನೈ 3.

ಆ ವರ್ಷದ ಅಂಕಪಟ್ಟಿಯನ್ನು ಈಗ ತೆರೆದು ನೋಡಿದರೂ ಹೊಟ್ಟೆ ಚುರ್ ಎನ್ನುತ್ತದೆ. ಲೀಗ್ ಹಂತದ 18 ಪಂದ್ಯಗಳಲ್ಲಿ ಬೆಂಗಳೂರು ಎಫ್‌ಸಿ 13 ಗೆದ್ದು, ಒಂದನ್ನು ಡ್ರಾ ಮಾಡಿ, ನಾಲ್ಕನ್ನಷ್ಟೇ ಸೋತಿತ್ತು. ಒಟ್ಟು 40 ಅಂಕ. ಎರಡನೇ ಸ್ಥಾನದ ಚೆನ್ನೈಯಿನ್ ಬಳಿ ಇದ್ದದ್ದು 32. ವೆನೆಜುವೆಲಾದ ಮಿಕು 15 ಗೋಲು, ಚೆಟ್ರಿ 14. ಅದು ಬೆಂಗಳೂರು ಐಎಸ್‌ಎಲ್‌ಗೆ ಕಾಲಿಟ್ಟ ಮೊದಲ ವರ್ಷ ಬೇರೆ. ಇಷ್ಟಾದರೂ ಲೀಗ್‌ನಿಂದ ಮನೆಗೆ ತಂದ ಕಪ್ ಯಾವುದೂ ಇಲ್ಲ. ಲೀಗ್ ಹಂತದಲ್ಲಿ ಮೊದಲು ಬಂದವರಿಗೆ ಶೀಲ್ಡ್ ಕೊಡುವ ಪದ್ಧತಿ ಶುರುವಾದದ್ದು 2019-20ರಲ್ಲಿ. ಎರಡು ವರ್ಷ ಮೊದಲು ಅಷ್ಟು ಚೆನ್ನಾಗಿ ಆಡಿದ ತಂಡಕ್ಕೆ ಆ ಗೌರವ ಸಿಗಲೇ ಇಲ್ಲ.

ಮರುವರ್ಷದ ಕಥೆ ನೋಡಿ. 2018-19ರಲ್ಲಿ ಅದೇ ತಂಡ ಗಳಿಸಿದ್ದು 34 ಅಂಕ, ಹಿಂದಿನ ವರ್ಷಕ್ಕಿಂತ ಆರು ಕಡಿಮೆ. ಗೋವಾ ಕೂಡ ಅಷ್ಟೇ ಅಂಕ ಗಳಿಸಿತ್ತು. ಸರಿಯಾಗಿ ಒಂದು ವರ್ಷದ ನಂತರ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ನಡೆದ ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ರಾಹುಲ್ ಭೇಕೆ ಒಂದೇ ಒಂದು ಗೋಲು ಹೊಡೆದರು, ಬೆಂಗಳೂರು ಚಾಂಪಿಯನ್ ಆಯಿತು. ಇತಿಹಾಸದ ಪುಟದಲ್ಲಿ ದಪ್ಪಕ್ಷರದಲ್ಲಿ ಇರುವುದು ಈ 34 ಅಂಕದ ತಂಡ. ಆ 40 ಅಂಕದ ತಂಡವನ್ನು ನೆನೆಯುವವರು ಕಂಠೀರವದ ಪಶ್ಚಿಮ ಗ್ಯಾಲರಿಯ ಹಳೆಯ ಅಭಿಮಾನಿಗಳು ಮಾತ್ರ. ಇದು ನ್ಯಾಯವಲ್ಲ.

ಕರ್ನಾಟಕದ ಫುಟ್‌ಬಾಲ್‌ನ ಹಳೆಯ ಕಡತ ಬಿಚ್ಚಿದರೆ ಇಂಥ ಸೋಲುಗಳ ಸಾಲೇ ಇದೆ. ಆ ಸೋಲುಗಳೊಳಗೇ ನಮ್ಮ ದೊಡ್ಡ ಆಟಗಾರರೂ ಇದ್ದಾರೆ.

ದಂಡು ಪ್ರದೇಶದ ಗೋರಾ ಪಲ್ಟನ್‌ಗಳ ಜೊತೆ ಬೆಂಗಳೂರಿಗೆ ಬಂದ ಆಟ ಇದು. ಅಲ್ಲಿನ ಮೈದಾನಗಳ ಸುತ್ತಮುತ್ತಲ ಬಡಾವಣೆಗಳ ಹುಡುಗರು ಅದನ್ನು ನೋಡಿ ಕಲಿತರು, ಬರಿಗಾಲಲ್ಲಿ ಆಡಿದರು. 1937ರಲ್ಲಿ ಬೆಂಗಳೂರ್ ಮುಸ್ಲಿಮ್ಸ್ ತಂಡ ಮುಂಬೈಯ ರೋವರ್ಸ್ ಕಪ್ ಗೆದ್ದಿತು. ಸೈನ್ಯದ ತಂಡಗಳ ಸ್ವತ್ತಿನಂತಿದ್ದ ಆ ಕಪ್ ಅನ್ನು ಮೊದಲ ಬಾರಿಗೆ ಎತ್ತಿದ ಭಾರತೀಯ ತಂಡ ಅದು. 1938ರಲ್ಲಿ ಮತ್ತೆ ಗೆದ್ದಿತು. 1946-47ರಲ್ಲಿ ಮೈಸೂರು ರಾಜ್ಯ ಮೊದಲ ಸಲ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು, 1952-53ರಲ್ಲಿ ಎರಡನೇ ಸಲ. ಆಮೇಲೆ 1953-54ರಲ್ಲಿ ಫೈನಲ್ ತಲುಪಿ ಬಂಗಾಳಕ್ಕೆ ಸೋಲು, 1955-56ರಲ್ಲಿ ಮತ್ತೆ ಬಂಗಾಳಕ್ಕೇ ಸೋಲು. ನಾಲ್ಕು ವರ್ಷದಲ್ಲಿ ಮೂರು ಫೈನಲ್ ಆಡುವುದು ಸಣ್ಣ ಸಾಧನೆಯಲ್ಲ. ಕೊಲ್ಕತ್ತಾದ ಕ್ಲಬ್‌ಗಳು ದೇಶದ ಒಳ್ಳೊಳ್ಳೆಯ ಆಟಗಾರರನ್ನೆಲ್ಲ ಸೆಳೆದುಕೊಳ್ಳುತ್ತಿದ್ದ ಕಾಲವದು. ಬೆಂಗಳೂರಿನ ಹುಡುಗರೂ ಅಲ್ಲಿಗೇ ಹೋಗುತ್ತಿದ್ದರು.

ಈ ಕಥೆಯಲ್ಲಿ ತಡೆದು ನಿಂತು ನೋಡಲೇಬೇಕಾದ ಪಂದ್ಯ ಒಂದಿದೆ. 1948ರ ಜುಲೈ 31, ಲಂಡನ್ ಬಳಿಯ ಇಲ್ಫರ್ಡ್‌ನ ಮೈದಾನ, ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯ, ಎದುರಾಳಿ ಫ್ರಾನ್ಸ್. ನಾಯಕ ನಾಗಾ ನಾಡಿನ ಡಾ. ತಾಲಿಮೆರೆನ್ ಆವ್. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬೂಟು ತೊಟ್ಟಿರಲಿಲ್ಲ, ಬರಿಗಾಲಲ್ಲೇ ಇಳಿದಿದ್ದರು. ಮೊದಲರ್ಧದಲ್ಲಿ ಫ್ರಾನ್ಸ್ ಮುನ್ನಡೆ ಪಡೆಯಿತು. 70ನೇ ನಿಮಿಷದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಸಮ ಮಾಡಿದರು. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಅದು, ಹೊಡೆದದ್ದು ನಮ್ಮ ರಾಜ್ಯದ ಕಾಲು. ಆ ದಿನ ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕವು. ಒಂದನ್ನು ಸೈಲೆನ್ ಮನ್ನಾ, ಇನ್ನೊಂದನ್ನು ಮಹಾಬೀರ್ ಪ್ರಸಾದ್ ಕೈಚೆಲ್ಲಿದರು. ಇನ್ನೇನು ಪಂದ್ಯ ಮುಗಿಯಿತು ಎನ್ನುವಾಗ ಫ್ರಾನ್ಸ್ ಎರಡನೇ ಗೋಲು ಹೊಡೆಯಿತು. 1-2.

ಬೂಟು ತೊಟ್ಟ ಫ್ರಾನ್ಸ್ ಕೊನೆಯ ನಿಮಿಷದವರೆಗೆ ಗೆಲುವಿಗೆ ಕಾಯಬೇಕಾಯಿತು. ಎರಡು ಪೆನಾಲ್ಟಿಗಳಲ್ಲಿ ಒಂದು ಒಳಗೆ ಹೋಗಿದ್ದರೂ ಫ್ರಾನ್ಸ್‌ನ ಆ ಎರಡನೇ ಗೋಲಿನಿಂದ ಭಾರತ ಸೋಲುತ್ತಿರಲಿಲ್ಲ. ರಾಮನ್ ಹೆಸರು ಕರ್ನಾಟಕದ ಪ್ರತಿ ಶಾಲೆಯ ಮಕ್ಕಳಿಗೂ ಗೊತ್ತಿರಬೇಕಿತ್ತು. ತಂಡ ಸೋತಿತು, ಹೆಸರೂ ಹಿಂದೆ ಸರಿಯಿತು.

ಅದೇ ಒಲಿಂಪಿಕ್ ತಂಡದಲ್ಲಿದ್ದ ಇನ್ನೊಬ್ಬ ಬೆಂಗಳೂರಿಗ ಅಹಮದ್ ಖಾನ್. ಬರಿಗಾಲಿನ ಬೆರಳುಗಳಿಂದಲೇ ಚೆಂಡನ್ನು ತಿರುಗಿಸಿ ಎದುರಾಳಿಯನ್ನು ಮರುಳುಗೊಳಿಸುತ್ತಿದ್ದ ಅವರಿಗೆ ಹಾವಾಡಿಗ ಎಂಬ ಬಿರುದಿತ್ತು. 1949ರಲ್ಲಿ ಅವರು ಕೊಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು. ಅಪ್ಪಾರಾವ್, ಧನರಾಜ್, ಸಾಲೆ, ವೆಂಕಟೇಶ್ ಜೊತೆಗೂಡಿದ ಆ ಐವರನ್ನು ಪಂಚಪಾಂಡವರು ಎಂದೇ ಜನ ಕರೆದರು. 1949, 1950, 1951ರಲ್ಲಿ ಸಾಲಾಗಿ ಮೂರು ವರ್ಷ ಐಎಫ್‌ಎ ಶೀಲ್ಡ್ ಅವರ ಕ್ಲಬ್ಬಿನದಾಯಿತು. ಇಂಥ ಆಟಗಾರ 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋದಾಗ ಎದುರಾದದ್ದು ಯುಗೊಸ್ಲಾವಿಯ. ಫಲಿತಾಂಶ 1-10. ಆ ಒಂದು ಗೋಲು ಅಹಮದ್ ಖಾನ್ ಅವರದು, ಅದೂ ಕೊನೆಯ ನಿಮಿಷಗಳಲ್ಲಿ. ಹತ್ತು ಗೋಲು ಬಿದ್ದ ಮೇಲೂ ಮುಂದಕ್ಕೆ ನುಗ್ಗಿದ ಆಟಗಾರನ ಮನಸ್ಸನ್ನು ಯಾವ ಅಂಕಿಯೂ ಹೇಳದು. ಆದರೆ ಆ ಒಂದು ಅಂಕಿ ಇಲ್ಲದಿದ್ದರೆ ಅದರ ಸುಳಿವೂ ಸಿಗುತ್ತಿರಲಿಲ್ಲ. ಆ ಸೋಲಿನ ನಂತರ ಭಾರತದ ಫುಟ್‌ಬಾಲ್ ಸಂಸ್ಥೆ ಬೂಟು ಕಡ್ಡಾಯ ಮಾಡಿತು. ಬರಿಗಾಲಿನ ಯುಗ ಅಲ್ಲಿಗೆ ಮುಗಿಯಿತು.

ಬೆಂಗಳೂರಿನ ಮಾರಿಯಪ್ಪ ಕೆಂಪಯ್ಯ 1956ರ ಮೆಲ್ಬರ್ನ್ ಮತ್ತು 1960ರ ರೋಮ್ ಒಲಿಂಪಿಕ್ಸ್ ತಂಡಗಳಲ್ಲಿದ್ದರು. ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆದದ್ದನ್ನು ಎಲ್ಲರೂ ನೆನೆಯುತ್ತಾರೆ. ರೋಮ್‌ನಲ್ಲಿ ಭಾರತ ತನ್ನ ಗುಂಪಿನ ಕೊನೆಯ ಸ್ಥಾನದಲ್ಲಿ ನಿಂತಿತು. ಆದರೆ ಅಲ್ಲಿನ ಫಲಿತಾಂಶಗಳನ್ನು ಓದಿ: ಕಂಚು ಗೆದ್ದ ಹಂಗರಿಯ ಎದುರು 1-2, ಫ್ರಾನ್ಸ್ ಜೊತೆ 1-1, ಪೆರು ಎದುರು 1-3. ಮೂರೂ ಪಂದ್ಯದಲ್ಲಿ ಗೋಲು ಹೊಡೆದ ತಂಡ ಅದು. ಒಲಿಂಪಿಕ್ಸ್‌ನಲ್ಲಿ ಭಾರತ ಫುಟ್‌ಬಾಲ್ ಆಡಿದ್ದು ಅದೇ ಕೊನೆ.

1967-68 ಮತ್ತು 1968-69ರಲ್ಲಿ ಮೈಸೂರು ಸಾಲಾಗಿ ಎರಡು ಸಂತೋಷ್ ಟ್ರೋಫಿ ಗೆದ್ದ ಮೇಲೆ ರಾಜ್ಯದ ಫುಟ್‌ಬಾಲ್ ಅನ್ನು ಹೊತ್ತು ನಿಂತದ್ದು ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳು. ಎಚ್‌ಎಎಲ್, ಐಟಿಐ ಆಟಗಾರರಿಗೆ ನೌಕರಿ ಕೊಟ್ಟವು. ಕಾರ್ಖಾನೆಗಳ ಕಾಲ ಇಳಿದಂತೆ ತಂಡಗಳೂ ಇಳಿದವು. 2011-12ರಲ್ಲಿ ಎಚ್‌ಎಎಲ್, ಆಗ ದೇಶದ ಮೇಲ್ಮಟ್ಟದ ಲೀಗ್ ಆಗಿದ್ದ ಐ-ಲೀಗ್‌ನಿಂದ ಕೆಳಗೆ ಬಿದ್ದಿತು.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದು ಹೊಸ ಜೀವ ತಂದಿತು. ಅದರ ಸೋಲುಗಳೂ ಸಾಮಾನ್ಯವಲ್ಲ. 2015ರ ಮೇ 31ರಂದು ಕಂಠೀರವದಲ್ಲಿ ಮೋಹನ್ ಬಾಗಾನ್ ವಿರುದ್ಧ ಗೆದ್ದಿದ್ದರೆ ಎರಡನೇ ಸಲ ಚಾಂಪಿಯನ್. 87ನೇ ನಿಮಿಷದವರೆಗೆ 1-0 ಮುಂದಿತ್ತು. ಆಗ ಬೆಲ್ಲೊ ರಜಾಕ್ ಅವರ ತಲೆಗೆ ಕಾರ್ನರ್ ಸಿಕ್ಕಿತು, ಪಂದ್ಯ 1-1 ಆಯಿತು. ಮೋಹನ್ ಬಾಗಾನ್ 39, ಬೆಂಗಳೂರು 37. 2016ರಲ್ಲಿ ಹಾಲಿ ಚಾಂಪಿಯನ್ ಮಲೇಷ್ಯಾದ ಜೋಹರ್ ತಂಡವನ್ನು ಮಣಿಸಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ತಲುಪಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಹೋಗಿರಲಿಲ್ಲ. ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ 0-1 ಸೋಲು. 2022-23ರ ಐಎಸ್‌ಎಲ್‌ನಲ್ಲಿ ಲೀಗ್ ಹಂತದ ಕೊನೆಯ ಎಂಟು ಪಂದ್ಯ ಸಾಲಾಗಿ ಗೆದ್ದ ತಂಡ ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತಿತು. ಮರುತಿಂಗಳೇ ಸೂಪರ್ ಕಪ್ ಫೈನಲ್ ಕೂಡ ಹೋಯಿತು. 2024-25ರಲ್ಲಿ ನಲವತ್ತರ ಚೆಟ್ರಿ 14 ಗೋಲು ಹೊಡೆದರು, ತಂಡ ಕೊಲ್ಕತ್ತಾದಲ್ಲಿ ಫೈನಲ್ ಸೋತಿತು.

ಇದೆಲ್ಲ ಬೆಂಗಳೂರಿನ ಮಾತು; ಧಾರವಾಡ ಜಿಲ್ಲೆಯ ಹಳ್ಳಿಗಳಿಗೆ ಫುಟ್‌ಬಾಲ್ ದೂರದ ಆಟ. ಕುಂದಗೋಳ ತಾಲ್ಲೂಕಿನ ಕುಬಿಹಾಳದ ಕಡೆ ಎರೆಮಣ್ಣಿನ ಊರುಗಳಲ್ಲಿ ಜನ ಸೇರುವುದು ಕಬಡ್ಡಿಗೆ, ಕುಸ್ತಿಗೆ. ಆದರೆ ಸೋತವರ ಆಟವನ್ನೂ ಗುರುತಿಸುವ ವಿಷಯದಲ್ಲಿ ಹಳ್ಳಿಯ ಕಬಡ್ಡಿ ಪಂದ್ಯಾವಳಿಗಳು ದೊಡ್ಡ ಲೀಗ್‌ಗಳಿಗಿಂತ ಮುಂದಿವೆ. ಗೆದ್ದವರಿಗೆ ಢಾಲು ಕೊಟ್ಟ ಮೇಲೆ ಉತ್ತಮ ರೈಡರ್, ಉತ್ತಮ ಕ್ಯಾಚರ್ ಎಂದು ಬಿಡಿಯಾಗಿ ಕರೆಯುತ್ತಾರೆ. ಆಗ ಎಷ್ಟೋ ಸಲ ಸೋತ ತಂಡದ ಹುಡುಗನೇ ವೇದಿಕೆ ಹತ್ತುತ್ತಾನೆ, ಇಡೀ ಊರು ಚಪ್ಪಾಳೆ ತಟ್ಟುತ್ತದೆ. ಮೇಜಿನ ಮುಂದೆ ಯಾರೋ ಒಬ್ಬರು ಕುಳಿತು ರೈಡ್ ರೈಡ್‌ಗೂ ಅಂಕ ಬರೆದಿಟ್ಟಿದ್ದರಿಂದ ಅದು ಸಾಧ್ಯ.

ಬೇಸರವೆಂದರೆ, ಪಂದ್ಯ ಮುಗಿದ ಮರುದಿನ ಆ ಹಾಳೆ ಉಳಿಯುವುದಿಲ್ಲ. ಊರಿನ ಯುವಕ ಸಂಘಗಳು, ಶಾಲೆಯ ದೈಹಿಕ ಶಿಕ್ಷಕರು ಒಂದು ಕೆಲಸ ಮಾಡಬೇಕು. ಯಾವ ಆಟವೇ ಇರಲಿ, ತಾರೀಖು, ತಂಡ, ಆಡಿದವರ ಹೆಸರು, ಯಾರು ಎಷ್ಟು ಅಂಕ ತಂದರು ಎಂಬುದನ್ನು ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದು ಸಂಘದ ಕಪಾಟಿನಲ್ಲಿ ಇಡಿ. ಫೈನಲ್ ಗೆದ್ದ ತಂಡದ ಪುಟದ ಪಕ್ಕದಲ್ಲೇ ಸೋತ ತಂಡದ ಪುಟವೂ ಇರಲಿ.