ಗಾಳಿಸು: ಅಕ್ಕಿಯ ಕಲ್ಲಿನಿಂದ ಉಸಿರಿನ ಧೂಳಿನವರೆಗೆ

ಗಾಳಿಸು ಎಂದೊಡನೆ ಇಂದಿನ ಬೆಂಗಳೂರಿನ ಕಿವಿಗೆ ಗಾಳಿಯೇ ಕೇಳಿಸುತ್ತದೆ. ಒದ್ದೆ ಬಟ್ಟೆಯನ್ನು ಗಾಳಿಗೆ ಹರಡುವುದೋ, ಬೀಸಣಿಗೆಯಿಂದ ಬೀಸುವುದೋ ಇರಬೇಕು ಎಂದುಕೊಳ್ಳುವವರೇ ಹೆಚ್ಚು. ಆದರೆ ಗಾಳಿ, ಗಾಳಿಸು ಎಂಬ ಎರಡು ಪದಗಳಿಗೆ ಹುಟ್ಟಿನ ನಂಟಿಲ್ಲ. ಗಾಳಿ ದ್ರಾವಿಡ ಮನೆಯ ಪದ. ತೆಲುಗಿನ ಗಾಲಿ, ತಮಿಳಿನ ಕಾಲ್, ಕಾಱ್ಱು ಅದರ ಬಳಗ. ಗಾಳಿಸು ಬಂದದ್ದು ಸಂಸ್ಕೃತದ 'ಗಲ್' ಧಾತುವಿನಿಂದ. ಗಲ್ ಎಂದರೆ ತೊಟ್ಟಿಕ್ಕು, ಸೋರು, ಜಾರಿ ಬೀಳು. ಅದರ ಪ್ರೇರಣಾರ್ಥಕ ರೂಪ ಗಾಲಯತಿ: ಸೋರುವಂತೆ ಮಾಡು, ಶೋಧಿಸು. ಆ ಲಕಾರ ಕನ್ನಡದ ನಾಲಗೆಯಲ್ಲಿ ಳಕಾರವಾಯಿತು. 13ನೆಯ ಶತಮಾನದ ವೈಯಾಕರಣ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇಂಥ ಳಕಾರವನ್ನು ಕ್ಷಳವೆಂದೂ ಅಚ್ಚಗನ್ನಡದ ಳಕಾರವನ್ನು ಕುಳವೆಂದೂ ಬೇರೆಮಾಡಿ ತೋರಿಸಿದ್ದಾನೆ. ಗಾಳಿಯಲ್ಲಿರುವುದು ಕುಳ, ಗಾಳಿಸು ಎಂಬುದರಲ್ಲಿರುವುದು ಕ್ಷಳ. ಕಿವಿ ಒಂದುಮಾಡಿದ್ದನ್ನು ವ್ಯಾಕರಣ ಏಳು ನೂರು ವರ್ಷಗಳ ಹಿಂದೆಯೇ ಬಿಡಿಸಿಟ್ಟಿತ್ತು.

ಆದರೂ ಬೆಂಗಳೂರಿನ ಜೆ.ಪಿ. ನಗರದಲ್ಲಿ ಕೂತು ಈ ಪದದ ಹಿಂದೆ ಹೊರಟಾಗ, ಗಾಳಿ ಮತ್ತು ಗಾಳಿಸು ಮತ್ತೆ ಒಂದೆಡೆ ಸೇರುವ ಕಾಲ ಬಂದಿದೆ ಎಂದೇ ನನಗೆ ಅನ್ನಿಸುತ್ತದೆ. ಅಲ್ಲಿಗೆ ಹೋಗುವ ದಾರಿ ಅಡುಗೆಮನೆಯಿಂದ ಶುರುವಾಗುತ್ತದೆ.

ಅಕ್ಕಿಯಲ್ಲಿ ಕಲ್ಲು ಸಾಮಾನ್ಯವಾಗಿದ್ದ ದಿನಗಳಲ್ಲಿ ಅಮ್ಮಂದಿರು 'ಅಕ್ಕಿ ಗಾಳಿಸೇ' ಎಂದು ಮಗಳಿಗೆ ಹೇಳುತ್ತಿದ್ದರು. ಪಾತ್ರೆಯಲ್ಲಿ ಅಕ್ಕಿ ಮುಳುಗುವಷ್ಟು ನೀರು ಹಾಕಿ, ಪಾತ್ರೆಯನ್ನು ತುಸು ಓರೆ ಹಿಡಿದು, ಮಣಿಕಟ್ಟಿನಿಂದ ಸುತ್ತಿಸುತ್ತಾ ನೀರಿನೊಂದಿಗೆ ಅಕ್ಕಿಯನ್ನು ಇನ್ನೊಂದು ಪಾತ್ರೆಗೆ ಜಾರಿಸಬೇಕು. ಅಕ್ಕಿ ಹಗುರ, ನೀರಿನ ಜೊತೆ ಹೋಗುತ್ತದೆ. ಕಲ್ಲು ಭಾರ, ತಳದಲ್ಲೇ ನಿಲ್ಲುತ್ತದೆ. ಕೊನೆಯ ಹಿಡಿ ಅಕ್ಕಿಯಲ್ಲಿ ಕಲ್ಲಿನ ಸದ್ದು ಕೇಳುವವರೆಗೆ ಕೈ ನಿಲ್ಲಬಾರದು. ಇಲ್ಲಿ ಜರಡಿಯಿಲ್ಲ, ಬಟ್ಟೆಯಿಲ್ಲ. ಕೆಲಸ ಮಾಡುವುದು ತೂಕ ಮತ್ತು ಸುಳಿ.

ಅದೇ ಪದ ಔಷಧಿ ಕುಟ್ಟುವವರ ಬಾಯಲ್ಲಿ ಬೇರೆ ಕೆಲಸಕ್ಕೆ ನಿಂತಿತು. ಕಷಾಯವನ್ನು ಬಟ್ಟೆಯಲ್ಲಿ ಗಾಳಿಸು ಎನ್ನುತ್ತಿದ್ದರು. ಒಣಗಿದ ಬೇರನ್ನು ಕುಟ್ಟಿ, ತೆಳುಬಟ್ಟೆಯಲ್ಲಿ ಹಾಯಿಸಿದ ನುಣ್ಣನೆಯ ಪುಡಿಗೆ ಆಯುರ್ವೇದದಲ್ಲಿ ವಸ್ತ್ರಗಾಳಿತವೆಂಬ ಹೆಸರೇ ಇದೆ. ಇಲ್ಲಿ ತೂಕ ಮುಖ್ಯವಲ್ಲ, ನೂಲಿನ ನಡುವಿನ ಸಂದು ಎಷ್ಟು ಕಿರಿದು ಎಂಬುದು ಮುಖ್ಯ. ಒಂದೇ ಕ್ರಿಯಾಪದ ಎರಡು ಬೇರೆ ಬೇರೆ ತತ್ತ್ವಗಳನ್ನು ಹೊತ್ತಿದೆ: ಸುಳಿಸಿ ಬೇರ್ಪಡಿಸುವುದು, ಸಂದಿನಲ್ಲಿ ತಡೆದು ಬೇರ್ಪಡಿಸುವುದು. ಈ ಪದದಲ್ಲಿ ನನಗೆ ತುಂಬ ಪ್ರಿಯವಾದದ್ದು ಇದೇ.

ಬೇರ್ಪಡಿಸುವ ಮಾತಿಗೆ ಕನ್ನಡದಲ್ಲಿ ಬಡತನವಿಲ್ಲ. ಮೊರದಲ್ಲಿ ಮೇಲಕ್ಕೆ ಹಾರಿಸಿ ಹಿಡಿದರೆ ಕೇರು, ಅಡ್ಡಡ್ಡಕ್ಕೆ ಅಲುಗಿಸಿದರೆ ಒನೆ, ಕಣದಲ್ಲಿ ಎತ್ತರದಿಂದ ಗಾಳಿಗೆ ಬಿಟ್ಟರೆ ತೂರು, ಗಂಜಿ ಇಳಿಸಿದರೆ ಬಸಿ. ಜೆ.ಪಿ. ನಗರದ ಮಗ್ಗುಲಲ್ಲೇ ಇರುವ ರಾಗಿಗುಡ್ಡದ ಸ್ಥಳಪುರಾಣವೂ ಕಣದ್ದೇ. ಬೇಡಲು ಬಂದ ಮೂವರಿಗೆ ಸೊಸೆ ಸುಧರ್ಮೆ ರಾಗಿ ಕೊಟ್ಟಳು, ಅತ್ತೆ ಸಿಟ್ಟಾದಳು, ರಾಗಿಯ ರಾಶಿ ಕಲ್ಲಾಯಿತು ಎನ್ನುತ್ತದೆ ಕಥೆ. ತೂರಿ ಹಸನು ಮಾಡಿದ ಮೇಲೇ ತಾನೆ ರಾಶಿಯಾಗುವುದು? ಈ ಸೀಮೆಗೆ ಗಾಳಿಯಲ್ಲಿ ಕಾಳು ಹಸನು ಮಾಡುವುದು ಹೊಸತೇನಲ್ಲ.

ಗಾಳಿಸುವ ಕೆಲಸಕ್ಕೆ ಧರ್ಮದ ತೂಕವನ್ನು ಕೊಟ್ಟವರು ಜೈನರು. ಅವರ ಆಚಾರದಲ್ಲಿ ಜಲಗಾಲನ ಒಂದು ನಿಯಮ. ಮಡಿಕೆ ಹಾಕಿದ ಬಟ್ಟೆಯಲ್ಲಿ ಗಾಳಿಸದ ನೀರನ್ನು ಕುಡಿಯುವಂತಿಲ್ಲ. ಕುಡಿಯುವವನ ಆರೋಗ್ಯಕ್ಕಿಂತ ನೀರಿನಲ್ಲಿರುವ ಸೂಕ್ಷ್ಮ ಜೀವಿಗಳ ಪ್ರಾಣ ಅಲ್ಲಿ ದೊಡ್ಡದು. ಅದಕ್ಕೇ ನಿಯಮ ನೀರು ಗಾಳಿಸುವುದರಲ್ಲಿ ಮುಗಿಯುವುದಿಲ್ಲ. ಬಟ್ಟೆಯ ಮೇಲೆ ಉಳಿದದ್ದನ್ನು ಗಾಳಿಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯಿಂದ ಬಂತೋ ಅದೇ ಬಾವಿಗೆ ಜೋಪಾನವಾಗಿ ಇಳಿಸಬೇಕು. ದಾಟಿದ್ದರಷ್ಟೇ ಎಚ್ಚರವನ್ನು ಉಳಿದದ್ದರ ಬಗೆಗೂ ವಹಿಸುವ ಈ ರೂಢಿಯನ್ನು ಮುಂದೆ ಧೂಳಿನ ಮಾತಿಗೆ ಬಂದಾಗ ಮತ್ತೆ ನೆನೆಯಬೇಕಾಗುತ್ತದೆ.

ಕೆಲವೊಮ್ಮೆ ತಳದಲ್ಲಿ ಉಳಿಯುವುದೇ ಬೇಕಾದದ್ದು. 1802ರಲ್ಲಿ ಬ್ರಿಟಿಷ್ ಸೇನೆಯ ಲೆಫ್ಟಿನೆಂಟ್ ಜಾನ್ ವಾರನ್ ಕೋಲಾರದ ಕಡೆ ಉರಿಗಾಂ, ಮಾರಿಕುಪ್ಪಂ ಹಳ್ಳಿಗಳ ಜನ ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ನೋಡಿ ದಾಖಲಿಸಿದ. ಅಕ್ಕಿ ಗಾಳಿಸುವ ಕೈಚಳಕವೇ ಅದು, ಕಲ್ಲಿನ ಜಾಗದಲ್ಲಿ ಚಿನ್ನ. ಹೀಗೆ ಮಣ್ಣು ತೊಳೆದು, ಅಕ್ಕಸಾಲೆಯ ಕಸ ತೊಳೆದು ಚಿನ್ನ ಹುಡುಕುವವನಿಗೆ ಜಲಗಾರ ಎಂದು ಹೆಸರು. ಅದೇ ಪದ ಕಸ ಗುಡಿಸುವವನಿಗೂ ಸಂದಿತು. ಕುವೆಂಪು 1928ರ ತಮ್ಮ 'ಜಲಗಾರ' ನಾಟಕದಲ್ಲಿ ಆ ಗುಡಿಸುವವನ ಮುಂದೆ ಶಿವನನ್ನೇ ಜಲಗಾರನಾಗಿ ತಂದು ನಿಲ್ಲಿಸಿದರು. ಧೂಳಿನಲ್ಲಿ ಹುಡುಕುವವನೂ ಧೂಳು ತೆಗೆಯುವವನೂ ಒಂದೇ ಹೆಸರಿನಲ್ಲಿ ಬದುಕಿದ್ದಾರೆ.

ಹುಡುಕುವ ಅರ್ಥ ಈ ಬಳಗದ ಪದಗಳಿಗೆಲ್ಲ ಅಂಟಿಕೊಂಡಿದೆ. ತೆಲುಗಿನಲ್ಲಿ ಗಾಲಿಂಚು ಎಂದರೆ ಅಕ್ಕಿ ಗಾಳಿಸು ಎಂದೂ ಹೌದು, ಮೂಲೆಮೂಲೆ ಹುಡುಕು ಎಂದೂ ಹೌದು. ಪೊಲೀಸರು ಕಳ್ಳನಿಗಾಗಿ ನಡೆಸುವ ತಪಾಸಣೆಯನ್ನು ಅಲ್ಲಿನ ಪತ್ರಿಕೆಗಳು ಗಾಲಿಂಪು ಎಂದೇ ಬರೆಯುತ್ತವೆ. ನಮ್ಮ ಶೋಧಿಸು ಕೂಡ ಎಣ್ಣೆಯನ್ನು ಶೋಧಿಸಿ, ಮನೆಗಳನ್ನು ಶೋಧಿಸಿ, ಕೊನೆಗೆ ಸಂಶೋಧನೆಯಾಗಿ ವಿಶ್ವವಿದ್ಯಾಲಯ ಸೇರಿತು. ನೀರಿನಲ್ಲಿ ಜಾಲಾಡುತ್ತಿದ್ದ ನಾವು ಈಗ ಅಂತರ್ಜಾಲವನ್ನು ಜಾಲಾಡುತ್ತೇವೆ. ಗಾಳಿಸು ಮಾತ್ರ ಕನ್ನಡದಲ್ಲಿ ಹೀಗೆ ಮೇಲಕ್ಕೇರಲಿಲ್ಲ. ಗಿರಣಿಗಳಿಗೆ ಕಲ್ಲು ತೆಗೆಯುವ ಯಂತ್ರ ಬಂತು, ಅಕ್ಕಿಯಲ್ಲಿ ಕಲ್ಲಿಲ್ಲವಾಯಿತು. ಕಲ್ಲಿನ ಜೊತೆ ಪದವೂ ಹೋಯಿತು. ಶಾಲೆಯ ಪುಸ್ತಕ ಸೋಸುವಿಕೆಯನ್ನು ಆರಿಸಿಕೊಂಡಿತು, ಅಂಗಡಿ ಫಿಲ್ಟರನ್ನು ಆರಿಸಿಕೊಂಡಿತು. ಪಕ್ಕದ ಜಯನಗರದಲ್ಲಿದ್ದುಕೊಂಡು 107 ವರ್ಷ ಬದುಕಿದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಪದಸಂದೇಹಗಳನ್ನು ವರ್ಷಗಟ್ಟಲೆ ಬಿಡಿಸಿದರು. ಪದ ನಿಘಂಟಿನಲ್ಲಿದ್ದರೆ ಸಾಲದು, ಬಾಯಲ್ಲಿರಬೇಕು ಎಂಬ ಎಚ್ಚರವನ್ನು ನನ್ನಂಥ ಓದುಗರಲ್ಲಿ ಮೂಡಿಸಿದ್ದು ಅಂಥ ಬರಹಗಳೇ.

ಇನ್ನು ಧೂಳು. 1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಹೋಟೆಲೊಂದರ ಮೆತ್ತನೆಯ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ, ಅದಕ್ಕೆ ಬಾಯಿಟ್ಟು ಉಸಿರೆಳೆದನಂತೆ. ಕರವಸ್ತ್ರದ ಕೆಳಮೈ ಕಪ್ಪಾಯಿತು, ಧೂಳು ಹೀರುವ ಯಂತ್ರದ ತತ್ತ್ವ ಸಿಕ್ಕಿತು. ಅಮೆರಿಕದ ಒಹಾಯೋದಲ್ಲಿ ಅಂಗಡಿ ಗುಡಿಸುತ್ತಿದ್ದ ಉಬ್ಬಸದ ರೋಗಿ ಜೇಮ್ಸ್ ಮರ್ರಿ ಸ್ಪ್ಯಾಂಗ್ಲರ್ ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ ಸೇರಿಸಿ ತನಗೊಂದು ಯಂತ್ರ ಕಟ್ಟಿಕೊಂಡ. 1908ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡ ಹೂವರ್ ಮನೆತನದ ಹೆಸರು ಇಂಗ್ಲೆಂಡಿನಲ್ಲಿ ಯಂತ್ರಕ್ಕೇ ಹೆಸರಾಯಿತು. ಕರವಸ್ತ್ರ, ದಿಂಬಿನ ಚೀಲ: ವ್ಯಾಕ್ಯೂಮ್ ಕ್ಲೀನರ್ ಹುಟ್ಟಿದ್ದೇ ಬಟ್ಟೆಯಲ್ಲಿ ಗಾಳಿಸುವ ಯಂತ್ರವಾಗಿ.

ನಮ್ಮಲ್ಲಿಗೆ ಅದು ಮನೆಬಾಗಿಲಿಗೇ ನಡೆದುಬಂತು. 1982ರಲ್ಲಿ ಫೋರ್ಬ್ಸ್ ಮತ್ತು ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಸೇರಿ ಯುರೇಕಾ ಫೋರ್ಬ್ಸ್ ಆಯಿತು. ಟೈ ಕಟ್ಟಿದ ಹುಡುಗರು ಯೂರೋಕ್ಲೀನ್ ಯಂತ್ರ ಹಿಡಿದು ಕರೆಗಂಟೆ ಒತ್ತುತ್ತಿದ್ದರು. ಕೊಳವೆಯ ನಡುವೆ ಬಟ್ಟೆಯ ತುಂಡು ಇಟ್ಟು, ನಿಮ್ಮ ಹಾಸಿಗೆಯನ್ನೇ ಎಳೆದು, ಅದರ ಮೇಲೆ ಕೂತ ಧೂಳನ್ನು ನಿಮಗೇ ತೋರಿಸುತ್ತಿದ್ದರು. ಬೂತನ ಕರವಸ್ತ್ರದ ಪ್ರಯೋಗವೇ ಅದು. 1980ರ ದಶಕದಲ್ಲಿ ಎದ್ದ ಜೆ.ಪಿ. ನಗರದ ಮನೆಗಳೂ ಆ ಯಂತ್ರಗಳೂ ಒಂದೇ ವಯಸ್ಸಿನವು. ಮನೆ ಒಡೆದು ಅಪಾರ್ಟ್‌ಮೆಂಟ್ ಕಟ್ಟುವಾಗ ಅಟ್ಟದಿಂದ ಇಳಿದು ಗುಜರಿಗೆ ಹೋಗುವ ಯಂತ್ರಗಳನ್ನು ತಡೆದು, ತೊಳೆದು, ಕಾರ್ಬನ್ ಬ್ರಷ್ ಬದಲಿಸಿ ಮತ್ತೆ ಓಡಿಸುವವರೂ ಇದ್ದಾರೆ. ನನಗೆ ಗೊತ್ತಿರುವ ಅಂಥ ಒಬ್ಬ ಹಿರಿಯರ ಮನೆಯಲ್ಲಿ ಒಂದು ವಾದವನ್ನು ಮನಸ್ಸಿಟ್ಟು ಕೇಳಿದ್ದೇನೆ.

'ಅಂಕಲ್, ಇದು ಧೂಳು ಹೀರಲ್ಲ, ಮುಂದಿಂದ ಎಳ್ಕೊಂಡು ಹಿಂದಿಂದ ಮನೆಗೆಲ್ಲಾ ಹಂಚತ್ತೆ. ಹೆಪಾ ಫಿಲ್ಟರ್ ಇಲ್ದೆ ಇದ್ರೆ ಏನ್ ಪ್ರಯೋಜನ?' ಎಂದ ಪಕ್ಕದ ಮನೆಯ ಯುವಕ.

'ಚೀಲ ಪಳಗಿದಷ್ಟೂ ಚೆನ್ನಾಗಿ ಹಿಡಿಯತ್ತೆ ಕಣಪ್ಪ. ಹೊಸಾ ಬಟ್ಟೆಗಿಂತ ಇದು ವಾಸಿ' ಎಂದರು ಅವರು.

ಇಬ್ಬರ ಮಾತಿನಲ್ಲೂ ಹುರುಳಿದೆ. ಬಟ್ಟೆಯ ಒಳಮೈಯಲ್ಲಿ ಧೂಳಿನ ತೆಳುಪದರ ಕೂತಾಗ ಸಂದು ಕಿರಿದಾಗಿ, ಮುಂದಿನ ಧೂಳನ್ನು ಆ ಧೂಳೇ ತಡೆಯುತ್ತದೆ. ಆದರೆ ಗಾಳಿಯ ಎಳೆತವೂ ಅಷ್ಟೇ ತಗ್ಗುತ್ತದೆ, ಸಣ್ಣ ಕಣ ನುಸುಳುವುದು ನಿಲ್ಲುವುದಿಲ್ಲ. ಬ್ರಿಟಿಷ್ ಸಂಶೋಧಕ ಜೇಮ್ಸ್ ಡೈಸನ್ ಚೀಲವನ್ನೇ ಕೈಬಿಟ್ಟ. 5127 ಮಾದರಿಗಳನ್ನು ಮಾಡಿ, ಗಾಳಿಯನ್ನು ಶಂಕುವಿನೊಳಗೆ ಸುಳಿಸಿ ಧೂಳನ್ನು ಅಂಚಿಗೆ ಎಸೆಯುವ ಯಂತ್ರ ತಂದ. ಅಲ್ಲಿರುವುದು ಓರೆಪಾತ್ರೆಯ ಅಕ್ಕಿಯ ಸುಳಿ. ಭಾರದ ಕಣ ಬೀಳುತ್ತದೆ, ತೀರ ಹಗುರವಾದದ್ದು ಗಾಳಿಯೊಂದಿಗೇ ಹೊರಡುತ್ತದೆ. ಅದಕ್ಕೇ ಸುಳಿಯ ಯಂತ್ರದ ಕೊನೆಯಲ್ಲೂ ಒಂದು ಫಿಲ್ಟರ್ ಬೇಕೇ ಬೇಕು. ಚೀಲವೋ ಸುಳಿಯೋ ಎಂಬ ಜಗಳದ ಎರಡು ಪಕ್ಷಗಳೂ ಗಾಳಿಸು ಎಂಬ ಒಂದು ಪದದೊಳಗೆ ಮೊದಲೇ ಕೂತಿದ್ದವು.

ಹೆಪಾ ಮಾತ್ರ ಬೇರೆ ಜಾತಿಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಣುಬಾಂಬಿನ ಯೋಜನೆಯಲ್ಲಿ ವಿಕಿರಣದ ಧೂಳು ತಡೆಯಲು ಬೆಳೆದ ತಂತ್ರ ಅದು. 0.3 ಮೈಕ್ರಾನಿನ 10,000 ಕಣಗಳಲ್ಲಿ 9,997ನ್ನು ಹಿಡಿಯಬೇಕೆಂಬುದು ಅದರ ಅಳತೆಗೋಲು. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಇದನ್ನು ಜರಡಿ ಎಂದುಕೊಂಡರೆ ತಪ್ಪಾಗುತ್ತದೆ. ಎಳೆಗಳ ನಡುವಿನ ಸಂದು ಈ ಕಣಗಳಿಗಿಂತ ದೊಡ್ಡದೇ. ದೊಡ್ಡ ಕಣ ಗಾಳಿಯೊಂದಿಗೆ ತಿರುಗಲಾರದೆ ಎಳೆಗೆ ಬಡಿಯುತ್ತದೆ. ನಡುವಿನದು ಹಾದುಹೋಗುವಾಗ ಎಳೆಗೆ ತಾಗಿ ಅಂಟುತ್ತದೆ. ತೀರ ಸಣ್ಣದು ಗಾಳಿಯ ಅಣುಗಳ ಹೊಡೆತಕ್ಕೆ ಅತ್ತಿತ್ತ ಅಲೆದು ಎಲ್ಲೋ ಒಂದು ಎಳೆಗೆ ಸಿಕ್ಕಿಬೀಳುತ್ತದೆ. ಈ ಮೂರರಿಂದಲೂ ತಪ್ಪಿಸಿಕೊಳ್ಳಲು ಹೆಚ್ಚು ಅವಕಾಶವಿರುವುದು 0.3ರ ಆಸುಪಾಸಿನ ಕಣಕ್ಕೆ. ಅದಕ್ಕಿಂತ ಸಣ್ಣದನ್ನು ಹೆಪಾ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಯಂತ್ರದ ಮುಚ್ಚಳದ ರಬ್ಬರು ಸಡಿಲವಾಗಿದ್ದರೆ ಗಾಳಿ ಫಿಲ್ಟರನ್ನು ಬಳಸಿಕೊಂಡು ಹೋಗಿಬಿಡುತ್ತದೆ. ಆಗ ಪೆಟ್ಟಿಗೆಯ ಮೇಲಿನ ಹೆಪಾ ಎಂಬ ಅಕ್ಷರಕ್ಕೆ ಬೆಲೆಯಿಲ್ಲ.

ಸಣ್ಣ ಧೂಳನ್ನು ಹಿಡಿಯಬೇಕೆಂಬುದು ಹವ್ಯಾಸದವರ ಹಟವಷ್ಟೇ ಅಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರ ಅಧ್ಯಯನದಲ್ಲಿ ಆಸ್ತಮಾ ಇದ್ದ ಮಕ್ಕಳ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆಯಿತು. 2.5 ಮೈಕ್ರಾನಿಗಿಂತ ಸಣ್ಣ ಧೂಳಿಗೆ ಭಾರತದ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗೆ ಎರಡಂತಸ್ತಿನ ಮೇಲ್ಸೇತುವೆ ಏಳುತ್ತಿದ್ದ ವರ್ಷಗಳಲ್ಲಿ ಈ ಕಡೆಯ ಕಿಟಕಿಗಳ ಮೇಲೆ ಕೂರುತ್ತಿದ್ದ ಬೂದುಪುಡಿಯನ್ನು ಒರೆಸಿದವರಿಗೆ ಈ ಅಂಕಿಗಳು ದೂರದವಲ್ಲ.

ಇಲ್ಲಿ ಜಲಗಾಲನ ನೆನಪಾಗುತ್ತದೆ. ಉತ್ತಮ ಯಂತ್ರದಲ್ಲಿ ಹಿಡಿದ ಧೂಳನ್ನು ಬಾಲ್ಕನಿಯಲ್ಲಿ ನಿಂತು ಕೊಡವಿದರೆ ಅರ್ಧ ಕೆಲಸ ಅಲ್ಲೇ ಹಾಳು. ಪಾರದರ್ಶಕ ಡಬ್ಬಿಯ ಯಂತ್ರಗಳ ದೊಡ್ಡ ದೋಷ ಇದೇ ಎಂದು ನಾನು ಎಣಿಸುತ್ತೇನೆ: ಧೂಳು ಕಣ್ಣಿಗೆ ಕಂಡು ತೃಪ್ತಿಯಾಗುತ್ತದೆ, ಚೆಲ್ಲುವಾಗ ಮೂಗಿಗೂ ಬರುತ್ತದೆ. ಮುಚ್ಚಿಕೊಂಡು ಎಸೆಯಬಹುದಾದ ಚೀಲ ಈ ವಿಷಯದಲ್ಲಿ ವಾಸಿ. ಹಳೆಯ ಯಂತ್ರಕ್ಕೆ ವಿದ್ಯುದಾವೇಶ ಹೊತ್ತ ಕೃತಕ ನಾರಿನ ಚೀಲ ಹಾಕಿ ಓಡಿಸುವ ದಾರಿಯೂ ಇದೆ. ಎನ್95 ಮಾಸ್ಕಿನ ಬಟ್ಟೆಯ ಜಾತಿಯದು ಅದು. ನಮ್ಮ ಹಿರಿಯರು ಕೊನೆಗೆ ಒಪ್ಪಿಕೊಂಡದ್ದು ಅದನ್ನೇ. ನೆಲಕ್ಕೆ ಮಾತ್ರ ಒದ್ದೆ ಬಟ್ಟೆಗಿಂತ ಒಳ್ಳೆಯದು ಬೇರೊಂದಿಲ್ಲ ಎಂಬ ಮಾತಿನಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಹೆಪಾ ಜರಡಿಯೂ ಅಲ್ಲ, ಸುಳಿಯೂ ಅಲ್ಲ ಎಂದಮೇಲೆ ಗಾಳಿಸು ಅದಕ್ಕೆ ಹೊಂದುತ್ತದೆಯೇ? ಹೊಂದುತ್ತದೆ, ಧಾತುವಿನಲ್ಲೇ ಅದಕ್ಕೆ ಜಾಗವಿದೆ. ಜರಡಿ ಹಿಡಿ ಎಂದರೆ ಸಾಧನವನ್ನು ಹೇಳಿದಂತೆ, ತೂರು ಎಂದರೆ ಕೈಯ ಚಲನೆಯನ್ನು ಹೇಳಿದಂತೆ. ಗಲ್ ಹೇಳುವುದು ಹಸನಾದದ್ದು ಈ ಕಡೆಗೆ ಇಳಿದು ಬರುವುದನ್ನು ಮಾತ್ರ. ತಡೆದದ್ದು ನೂಲೋ ಸುಳಿಯೋ ಗಾಜಿನ ಎಳೆಯೋ ಎಂದು ಅದು ಕೇಳುವುದಿಲ್ಲ. ಮಲಗುವ ಕೋಣೆಯ ಮೂಲೆಯಲ್ಲಿ ಗುಂಯ್‌ಗುಡುವ ಏರ್ ಪ್ಯೂರಿಫೈಯರನ್ನು ಗಾಳಿ ಗಾಳಿಸುವ ಯಂತ್ರ ಎಂದು ನಾನು ಕರೆಯತೊಡಗಿದ್ದೇನೆ. ಅಕ್ಕಿ ಗಾಳಿಸಿದ ಕೈಗಳಿರುವ ಮನೆಗಳಲ್ಲಿ ಯಾರೂ ಅರ್ಥ ಕೇಳಿಲ್ಲ.